ಹೊಸ ಕೆಲಸಗಾರನಿಗೆ ಮೊದಲ ದಿನದ ಪಾಠ

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಗುರುವಾರ ಮಧ್ಯಾಹ್ನ, ಊಟಕ್ಕೆ ಏಳಬೇಕು ಎನ್ನುವಷ್ಟರಲ್ಲಿ ನನ್ನ ಚಿಕಿತ್ಸಾಲಯದ ಮುಂದೆ ಆಟೋ ಬಂದು ನಿಂತಿತು. ಇಳಿದವನು ಹತ್ತೊಂಬತ್ತು ವರ್ಷದ ಹುಡುಗ. ಬಲಗೈಗೆ ಸುತ್ತಿದ್ದ ಟವೆಲ್ಲು ರಕ್ತದಲ್ಲಿ ತೊಯ್ದುಹೋಗಿತ್ತು. ಬಿಚ್ಚಿ ನೋಡಿದರೆ ತೋರುಬೆರಳು ಮತ್ತು ನಡುಬೆರಳು ಎರಡನೆಯ ಗೆಣ್ಣಿನವರೆಗೆ ಜಜ್ಜಿಹೋಗಿದ್ದವು. ರಕ್ತಸ್ರಾವ ನಿಲ್ಲಿಸಿ, ನೋವಿಗೆ ಚುಚ್ಚುಮದ್ದು ಕೊಟ್ಟು, ದೊಡ್ಡ ಆಸ್ಪತ್ರೆಗೆ ಕಳಿಸುವ ಏರ್ಪಾಡು ಮಾಡಿದೆ. ಬೆರಳುಗಳು ಉಳಿಯುವ ಸ್ಥಿತಿಯಲ್ಲಿರಲಿಲ್ಲ.

ಹುಡುಗ ಯಾದಗಿರಿ ಕಡೆಯವನು. ಗುತ್ತಿಗೆದಾರರೊಬ್ಬರ ಮೂಲಕ ತಗಡಿನ ಬಿಡಿಭಾಗಗಳನ್ನು ಮಾಡುವ ಸಣ್ಣ ಕಾರ್ಖಾನೆಗೆ ಮಂಗಳವಾರವಷ್ಟೇ ಸೇರಿದ್ದ. ಅಂದರೆ ಅದು ಅವನ ಮೂರನೆಯ ದಿನ. ಜೊತೆಗೆ ಬಂದಿದ್ದ ಗುತ್ತಿಗೆದಾರರ ಕಡೆಯವರು, ''ಎಷ್ಟು ಹೇಳಿದ್ರೂ ಕೇಳಲ್ಲ ಡಾಕ್ಟ್ರೇ, ಈಗಿನ ಹುಡುಗರಿಗೆ ಗಮನವೇ ಇಲ್ಲ'' ಎಂದರು. ಹುಡುಗ ಅಳುತ್ತಿರಲಿಲ್ಲ. ಮೆಲ್ಲನೆ ಹೇಳಿದ: ''ನನಗ ಯಾರೂ ಏನೂ ಹೇಳಿಲ್ರೀ ಸರ.''

ನಡೆದದ್ದು ಇಷ್ಟು. ಪವರ್ ಪ್ರೆಸ್ಸಿನ ಡೈನಲ್ಲಿ ತಗಡು ಸಿಕ್ಕಿಕೊಂಡಿತು. ಹುಡುಗ ಅದನ್ನು ಎಳೆಯಲು ಕೈ ಹಾಕಿದ. ಕಾಲು ಪೆಡಲಿನ ಮೇಲೆಯೇ ಇತ್ತು. ಯಂತ್ರಕ್ಕೆ ಇರಬೇಕಾದ ಗಾರ್ಡನ್ನು ಕೆಲಸ ಬೇಗ ಸಾಗಲೆಂದು ಯಾರೋ ತೆಗೆದಿಟ್ಟಿದ್ದರು. ''ತಗಡು ಸಿಕ್ಕಿಕೊಂಡರೆ ಕೈ ಹಾಕಬೇಡ. ಮೆಷಿನ್ ಆಫ್ ಮಾಡು. ನನ್ನನ್ನು ಕರೆ.'' ಹಳಬರಿಗೆಲ್ಲ ಗೊತ್ತಿದ್ದ ಈ ಮೂರು ಸಣ್ಣ ಮಾತು ಹೊಸಬನ ಕಿವಿಗೆ ಬಿದ್ದಿರಲಿಲ್ಲ. ಆದರೆ ಕಾರ್ಖಾನೆಯ ಕಡತದಲ್ಲಿ ''ಸುರಕ್ಷತೆಯ ಬಗ್ಗೆ ನನಗೆ ತಿಳಿಸಲಾಗಿದೆ'' ಎಂಬ ಇಂಗ್ಲಿಷ್ ಕಾಗದವೊಂದಿತ್ತು. ಅದರ ಕೆಳಗೆ ಒಂಬತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ್ದ ಆ ಹುಡುಗನ ಸಹಿಯೂ ಇತ್ತು!

ಇದು ಆರೋಗ್ಯದ ಅಂಕಣವಲ್ಲವೇ, ಕಾರ್ಖಾನೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಮಗು ಹುಟ್ಟಿದೊಡನೆ ಲಸಿಕೆ ಹಾಕಿಸುವುದು ಹೇಗೆ ಆರೋಗ್ಯದ ವಿಷಯವೋ, ಮಗ ಅಥವಾ ಮಗಳು ಕೆಲಸಕ್ಕೆ ಸೇರಿದ ಮೊದಲ ದಿನ ಅಪಾಯಗಳ ಪರಿಚಯ ಮಾಡಿಸುವುದೂ ಹಾಗೆಯೇ ಆರೋಗ್ಯದ ವಿಷಯ. ಎರಡೂ ಮುಂಜಾಗ್ರತೆಯೇ. ಈ ಪರಿಚಯಕ್ಕೆ ಕಾರ್ಖಾನೆಗಳಲ್ಲಿ 'ಸೇಫ್ಟಿ ಇಂಡಕ್ಷನ್' ಎನ್ನುತ್ತಾರೆ. ನಾವು ಸುಲಭವಾಗಿ 'ಮೊದಲ ದಿನದ ಪಾಠ' ಎಂದು ಕರೆಯೋಣ.

ಹೊಸಬರಿಗೇ ಏಕೆ ಪೆಟ್ಟು?

ಕೆನಡಾ ದೇಶದ ಟೊರಾಂಟೊ ನಗರದಲ್ಲಿರುವ 'ಇನ್‌ಸ್ಟಿಟ್ಯೂಟ್ ಫಾರ್ ವರ್ಕ್ ಅಂಡ್ ಹೆಲ್ತ್' ಎಂಬ ಸಂಶೋಧನಾ ಸಂಸ್ಥೆ ಈ ವಿಷಯವನ್ನು ಬಹಳ ಕಾಲದಿಂದ ಅಧ್ಯಯನ ಮಾಡಿದೆ. ಒಂದೇ ಕೆಲಸದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಪಳಗಿದವರಿಗೆ ಹೋಲಿಸಿದರೆ, ಮೊದಲ ತಿಂಗಳಲ್ಲಿರುವವರಿಗೆ ರಜೆ ಹಾಕಬೇಕಾದಂಥ ಪೆಟ್ಟು ಬೀಳುವ ಸಂಭವ ಮೂರು ಪಟ್ಟಿಗೂ ಹೆಚ್ಚು ಎಂದು ಅದು ಕಂಡುಕೊಂಡಿದೆ. ಇದು ವಯಸ್ಸಿನ ಮಾತಲ್ಲ. ನಲವತ್ತು ವರ್ಷದ ಅನುಭವಿಯೂ ಹೊಸ ಜಾಗಕ್ಕೆ ಬಂದಾಗ ಹೊಸಬನೇ.

ಕಾರಣಗಳು ಕಷ್ಟದವೇನಲ್ಲ. ಮೊದಲನೆಯದು, ಅಪಾಯ ಎಲ್ಲಿದೆ ಎಂಬುದೇ ಹೊಸಬನಿಗೆ ಗೊತ್ತಿರುವುದಿಲ್ಲ. ಹಳಬನಿಗೆ ಯಂತ್ರದ ಸದ್ದು ಬದಲಾದರೆ ಸಾಕು, ಕೈ ತಾನಾಗಿಯೇ ಹಿಂದೆ ಸರಿಯುತ್ತದೆ. ಹೊಸಬನ ಕಿವಿಗೆ ಎಲ್ಲ ಸದ್ದೂ ಒಂದೇ. ಎರಡನೆಯದು, ಅವನಿಗೆ ಕೇಳಲು ಸಂಕೋಚ. ಕೇಳಿದರೆ ದಡ್ಡನೆಂದುಕೊಂಡಾರು, ಕೆಲಸದಿಂದ ತೆಗೆದಾರು ಎಂಬ ಭಯ. ಮೂರನೆಯದು, ಚುರುಕು ತೋರಿಸಬೇಕೆಂಬ ಆತುರ. ನಿಂತುಹೋದ ಯಂತ್ರವನ್ನು ತಾನೇ ಸರಿಪಡಿಸಿ ಮೇಸ್ತ್ರಿಯಿಂದ ಭೇಷ್ ಎನಿಸಿಕೊಳ್ಳುವ ಆಸೆ. ನಾಲ್ಕನೆಯದು, ಯಾರೂ ಮಾಡಲೊಲ್ಲದ ಕೆಲಸ ಸಾಮಾನ್ಯವಾಗಿ ಹೊಸಬನ ತಲೆಗೇ ಬೀಳುತ್ತದೆ. ಟ್ಯಾಂಕ್ ತೊಳೆಯುವುದು, ಎತ್ತರದ ಶೀಟಿನ ಮೇಲೆ ಹತ್ತುವುದು, ಆಸಿಡ್ ಡಬ್ಬ ಹೊರುವುದು, ಎಲ್ಲಕ್ಕೂ 'ಏ ಹೊಸ ಹುಡುಗಾ, ಬಾ ಇಲ್ಲಿ' ಎಂಬ ಕೂಗು!

ಇವುಗಳಲ್ಲಿ ಯಾವುದೂ ಅಜಾಗರೂಕತೆಯಲ್ಲ ಎಂಬುದನ್ನು ಗಮನಿಸಿ. ಗಾಯಗೊಂಡವನನ್ನು ಬೈಯುವುದು ಸುಲಭ. ಆದರೆ ತಿಳಿಯದವನು ಎಚ್ಚರ ತಪ್ಪಿದ ಎನ್ನುವುದು ನ್ಯಾಯವೇ?

ನನ್ನದೇ ತಪ್ಪು

ಬೇರೆಯವರ ಕಡೆ ಬೆರಳು ತೋರಿಸುವ ಮೊದಲು ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ಈ ಘಟನೆಗೆ ಮೊದಲೇ ನನ್ನ ಚಿಕಿತ್ಸಾಲಯಕ್ಕೆ ಹೊಸದಾಗಿ ಆಯಾ ಒಬ್ಬರು ಸೇರಿದ್ದರು. ಕಸ ಗುಡಿಸುವುದು, ನೆಲ ಒರೆಸುವುದು, ಬಕೆಟ್ ಖಾಲಿ ಮಾಡುವುದು ಅವರ ಕೆಲಸ. ಎರಡನೆಯ ವಾರದಲ್ಲಿ ಕಸದೊಳಗೆ ಬಿದ್ದಿದ್ದ ಸೂಜಿಯೊಂದು ಅವರ ಅಂಗೈಗೆ ಚುಚ್ಚಿತು. ಅವರು ರಕ್ತ ಒರೆಸಿಕೊಂಡು ಸುಮ್ಮನಾದರು. ನನಗೆ ತಿಳಿದದ್ದು ಮರುದಿನ, ಅದೂ ನಮ್ಮ ನರ್ಸ್ ಹೇಳಿದ ಮೇಲೆ.

ಬಳಸಿದ ಸೂಜಿಯಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡಬಹುದು. ಹೆಪಟೈಟಿಸ್ ಬಿಗೆ ಒಳ್ಳೆಯ ಲಸಿಕೆಯಿದೆ. ಎಚ್‌ಐವಿ ತಡೆಯುವ ಮಾತ್ರೆಯನ್ನು ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆಕೆಗೆ ಗೊತ್ತಿರಲಿಲ್ಲ. ''ಯಾಕಮ್ಮ ಹೇಳಲಿಲ್ಲ?'' ಎಂದು ಕೇಳಿದರೆ, ''ಸಣ್ಣ ಸೂಜಿ ಅಲ್ವಾ ಸಾರ್, ನಿಮಗ್ಯಾಕೆ ತೊಂದರೆ ಅಂತ'' ಎಂದರು. ಲಸಿಕೆ ಹಾಕಿಸಿದೆ, ಮಾತ್ರೆ ಕೊಡಿಸಿದೆ, ತಿಂಗಳುಗಟ್ಟಲೆ ರಕ್ತ ಪರೀಕ್ಷೆ ಮಾಡಿಸಿದೆ. ದೇವರ ದಯೆ, ಏನೂ ಆಗಲಿಲ್ಲ. ಸಂಬಳ ಎಷ್ಟು, ರಜೆ ಯಾವತ್ತು ಎಂದು ಮೊದಲ ದಿನವೇ ಮಾತಾಡಿದ್ದ ನಾನು, ಸೂಜಿಯ ವಿಷಯ ಹೇಳಲು ಐದು ನಿಮಿಷ ಕೊಟ್ಟಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನನಗೇ ಅನ್ವಯಿಸಿತು.

ಸಹಿ ಹಾಕಿಸಿದರೆ ಸಾಲದು

ಅನೇಕ ಕಡೆ ಮೊದಲ ದಿನದ ಪಾಠ ನಡೆಯುವುದೇ ಇಲ್ಲವೆಂದಲ್ಲ. ನಡೆಯುತ್ತದೆ, ಆದರೆ ಕಾಟಾಚಾರಕ್ಕೆ. ಹತ್ತು ಜನರನ್ನು ಕೂರಿಸಿ ವಿಡಿಯೋ ತೋರಿಸುತ್ತಾರೆ, ಇಪ್ಪತ್ತು ನಿಯಮ ಓದುತ್ತಾರೆ, ''ಅರ್ಥವಾಯಿತೇ?'' ಎಂದು ಕೇಳುತ್ತಾರೆ. ಎಲ್ಲರೂ ''ಹೂಂ'' ಎನ್ನುತ್ತಾರೆ. ಸಹಿ ಆಗುತ್ತದೆ. ಅಲ್ಲಿಗೆ ಪಾಠ ಮುಗಿಯಿತು.

ಈ 'ಹೂಂ' ಎಷ್ಟು ಪೊಳ್ಳೆಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತು. ಮಧುಮೇಹದ ರೋಗಿಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಬಗೆಯನ್ನು ವಿವರಿಸಿ ''ತಿಳಿಯಿತೇ?'' ಎಂದರೆ ಹತ್ತರಲ್ಲಿ ಹತ್ತು ಮಂದಿ ತಲೆ ಆಡಿಸುತ್ತಾರೆ. ''ಎಲ್ಲಿ, ನೀವೇ ಮಾಡಿ ತೋರಿಸಿ'' ಎಂದಾಗ ನಿಜ ಹೊರಬೀಳುತ್ತದೆ. ಒಬ್ಬರು ಮುಚ್ಚಳ ತೆಗೆಯದೆ ಚುಚ್ಚಲು ಹೊರಡುತ್ತಾರೆ, ಇನ್ನೊಬ್ಬರು ಅಳತೆಯ ಗೆರೆ ತಪ್ಪುತ್ತಾರೆ. ತಪ್ಪು ಅವರದಲ್ಲ, ಹೇಳಿದ ನನ್ನದು. ಆದ್ದರಿಂದ ರೋಗಿ ತಾನೇ ಹೇಳಿ, ಮಾಡಿ ತೋರಿಸುವವರೆಗೆ ಪಾಠ ಮುಗಿದಿಲ್ಲವೆಂದು ನಾವು ತಿಳಿಯುತ್ತೇವೆ. ಕಾರ್ಖಾನೆಯಲ್ಲೂ ಇದೇ ಪರೀಕ್ಷೆ ಬೇಕು. ''ಅರ್ಥವಾಯಿತೇ?'' ಎಂದು ಕೇಳಬೇಡಿ. ''ತಗಡು ಸಿಕ್ಕಿಕೊಂಡರೆ ಏನು ಮಾಡುತ್ತೀಯ, ತೋರಿಸು ನೋಡೋಣ'' ಎನ್ನಿ.

ಭಾಷೆಯೂ ಮುಖ್ಯ. ನಮ್ಮ ಪೀಣ್ಯದ ವರ್ಕ್‌ಶಾಪುಗಳಿಂದ ಬೆಳಗಾವಿಯ ಫೌಂಡ್ರಿಗಳವರೆಗೆ ಇಂದು ಕನ್ನಡಿಗರ ಜೊತೆಗೆ ಒಡಿಶಾ, ಬಿಹಾರ, ಅಸ್ಸಾಂ ಕಡೆಯಿಂದ ಬಂದವರೂ ದುಡಿಯುತ್ತಾರೆ. ಕನ್ನಡ ಬಾರದವನಿಗೆ ಕನ್ನಡದಲ್ಲಿ, ಇಂಗ್ಲಿಷ್ ಬಾರದವನಿಗೆ ಇಂಗ್ಲಿಷಿನಲ್ಲಿ ಎಚ್ಚರಿಕೆ ಹೇಳುವುದು ಕಿವುಡನ ಮುಂದೆ ಶಂಖ ಊದಿದಂತೆ. ಅವನ ಭಾಷೆ ಬಲ್ಲ ಹಳೆಯ ಕಾರ್ಮಿಕನೊಬ್ಬನನ್ನು ಜೊತೆಗೆ ನಿಲ್ಲಿಸಿದರೆ ಅರ್ಧ ಕೆಲಸ ಆದಂತೆಯೇ.

ಕಾಟಾಚಾರದ ಪಾಠದ ಬೆಲೆ ಏನೆಂಬುದಕ್ಕೆ ಜಗತ್ತಿಗೇ ಗೊತ್ತಿರುವ ಉದಾಹರಣೆಯೊಂದಿದೆ. 1988ರ ಜುಲೈ 6ರ ರಾತ್ರಿ ಸ್ಕಾಟ್ಲೆಂಡ್ ಬಳಿಯ ಸಮುದ್ರದಲ್ಲಿದ್ದ 'ಪೈಪರ್ ಆಲ್ಫಾ' ಎಂಬ ತೈಲ ವೇದಿಕೆ ಸ್ಫೋಟಗೊಂಡು ಉರಿದು 167 ಮಂದಿ ಸತ್ತರು. ಒಂದು ಪಂಪಿನ ಸುರಕ್ಷತಾ ಕವಾಟವನ್ನು ದುರಸ್ತಿಗೆಂದು ತೆಗೆದಿದ್ದ ಸಂಗತಿ ರಾತ್ರಿ ಪಾಳಿಯವರಿಗೆ ತಲುಪಿರಲಿಲ್ಲ. ಅವರು ಆ ಪಂಪನ್ನು ಚಾಲೂ ಮಾಡಿದರು. ವಿಚಾರಣೆ ನಡೆಸಿದ ಲಾರ್ಡ್ ಕಲೆನ್ 1990ರಲ್ಲಿ ಕೊಟ್ಟ ವರದಿಯಲ್ಲಿ ಇನ್ನೊಂದು ಸಂಗತಿಯೂ ಹೊರಬಂತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಗುತ್ತಿಗೆಯ ಮೂಲಕ ಬಂದವರು. ಹೊಸಬರಿಗೆ ಕೊಡುತ್ತಿದ್ದ ಸುರಕ್ಷತಾ ಪರಿಚಯ ತೀರ ಮೇಲುಮೇಲಿನದು. ತುರ್ತು ಸಮಯದಲ್ಲಿ ಏರಬೇಕಾದ ದೋಣಿ ಎಲ್ಲಿದೆ ಎಂಬುದನ್ನೇ ಕೆಲವರಿಗೆ ತೋರಿಸಿರಲಿಲ್ಲ. ಶ್ರೀಮಂತ ದೇಶ, ದೊಡ್ಡ ಕಂಪನಿ, ಎಲ್ಲವೂ ಇತ್ತು. ಅರ್ಧ ಗಂಟೆಯ ಮನಸ್ಸಿಟ್ಟ ಪಾಠ ಇರಲಿಲ್ಲ.

ಮೊದಲ ದಿನ ತಿಳಿಯಲೇಬೇಕಾದದ್ದು

ಎಲ್ಲವನ್ನೂ ಒಂದೇ ದಿನ ಹೇಳಿದರೆ ಯಾರ ತಲೆಯಲ್ಲೂ ಉಳಿಯುವುದಿಲ್ಲ. ಹೊಸಬನು ಮೊದಲ ದಿನ ಕೆಲಸ ಮುಟ್ಟುವ ಮೊದಲು ಇಷ್ಟನ್ನಾದರೂ ತಿಳಿದಿರಬೇಕು.

1. ಇಲ್ಲಿ ಸಾಯಿಸಬಲ್ಲದ್ದು ಅಥವಾ ಅಂಗ ಕಳೆಯಬಲ್ಲದ್ದು ಯಾವುದು? ಪ್ರತಿ ಜಾಗದಲ್ಲೂ ಇಂಥವು ನಾಲ್ಕೈದು ಇರುತ್ತವೆ. ಅವುಗಳ ಬಳಿಗೆ ಕರೆದುಕೊಂಡು ಹೋಗಿ ತೋರಿಸಬೇಕು.

2. ಯಂತ್ರವನ್ನು ನಿಲ್ಲಿಸುವ ಕೆಂಪು ಗುಂಡಿ ಎಲ್ಲಿದೆ? ಹೊಸಬ ಅದನ್ನು ಸ್ವತಃ ಒತ್ತಿ ನೋಡಬೇಕು.

3. ತಾನು ಮಾಡಬಾರದ ಕೆಲಸಗಳು ಯಾವುವು? ವಿದ್ಯುತ್ ದುರಸ್ತಿ, ಎತ್ತರ ಹತ್ತುವುದು, ಟ್ಯಾಂಕ್ ಇಳಿಯುವುದು, ಫೋರ್ಕ್‌ಲಿಫ್ಟ್ ಓಡಿಸುವುದು ತರಬೇತಾದವರಿಗೆ ಮಾತ್ರ.

4. ಯಂತ್ರ ಶುದ್ಧ ಮಾಡುವಾಗ, ದುರಸ್ತಿ ಮಾಡುವಾಗ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, 'ಕೆಲಸ ನಡೆದಿದೆ' ಎಂಬ ಚೀಟಿ ಕಟ್ಟಬೇಕು. ಬೀಗದ ಕೈ ಕೆಲಸ ಮಾಡುವವನ ಜೇಬಿನಲ್ಲೇ ಇರಬೇಕು.

5. ಮೈಮೇಲೆ ಏನಿರಬೇಕು, ಏನಿರಬಾರದು? ಕನ್ನಡಕ, ಬೂಟು, ಕೈಗವಸು ಅಳತೆಗೆ ತಕ್ಕಂತಿರಬೇಕು. ತಿರುಗುವ ಯಂತ್ರದ ಬಳಿ ದುಪ್ಪಟ್ಟ, ಬಿಟ್ಟ ಜಡೆ, ಪಂಚೆ, ಉಂಗುರ, ಬಳೆ, ಕೊರಳಿನ ಸರ ಯಾವುದೂ ಬೇಡ. ಅಂಥ ಯಂತ್ರದ ಹತ್ತಿರ ಕೈಗವಸೂ ಅಪಾಯವೇ. ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ.

6. ಡಬ್ಬಗಳಲ್ಲಿ ಏನಿದೆ? ನೀರಿನ ಬಾಟಲಿಯಲ್ಲಿ ಆಸಿಡ್, ಥಿನ್ನರ್ ತುಂಬಿಡುವ ಕೆಟ್ಟ ಅಭ್ಯಾಸ ನಮ್ಮಲ್ಲಿದೆ. ಹೆಸರು ಬರೆಯದ ಬಾಟಲಿಯನ್ನು ಮುಟ್ಟಬಾರದು, ಮೂಸಲೂಬಾರದು.

7. ಧೂಳು ಮತ್ತು ಸದ್ದು. ಇವು ಮೊದಲ ದಿನ ಏನೂ ಮಾಡುವುದಿಲ್ಲ, ಹತ್ತು ವರ್ಷಕ್ಕೆ ಲೆಕ್ಕ ಚುಕ್ತಾ ಮಾಡುತ್ತವೆ. ಕಲ್ಲು ಕೊರೆಯುವಲ್ಲಿ, ಫೌಂಡ್ರಿಯ ಮರಳಿನಲ್ಲಿ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಗಡುಸಾಗಿಸುತ್ತದೆ. ಈ ಸಿಲಿಕೋಸಿಸ್ ಕಾಯಿಲೆಯನ್ನು ವಾಸಿಮಾಡುವ ಔಷಧವಿಲ್ಲ. ಕೈಯಳತೆ ದೂರದಲ್ಲಿ ನಿಂತವನಿಗೆ ಕೂಗಿ ಹೇಳಬೇಕಾದಷ್ಟು ಸದ್ದಿದ್ದರೆ ಕಿವಿಗೆ ರಕ್ಷಣೆ ಬೇಕೇಬೇಕು.

8. ಬೆಂಕಿ ಬಿದ್ದರೆ ಹೊರಗೋಡುವ ದಾರಿ ಯಾವುದು, ಎಲ್ಲಿ ಸೇರಬೇಕು? ಆ ದಾರಿಯಲ್ಲಿ ಒಮ್ಮೆ ನಡೆದು ನೋಡಬೇಕು.

9. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿದೆ, ಅದನ್ನು ಬಲ್ಲವರು ಯಾರು?

10. ಅನುಮಾನ ಬಂದರೆ ಯಾರನ್ನು ಕೇಳಬೇಕು? ಒಬ್ಬರ ಹೆಸರು ಮತ್ತು ಮುಖ ಗೊತ್ತಿರಬೇಕು. ''ಹೆದರಿಕೆಯಾದರೆ ಕೆಲಸ ನಿಲ್ಲಿಸು, ಬೈಯುವುದಿಲ್ಲ'' ಎಂದು ಮಾಲೀಕರೇ ಬಾಯಿಬಿಟ್ಟು ಹೇಳಬೇಕು.

ಮರುದಿನ ಐದು ನಿಮಿಷ, ವಾರದ ಕೊನೆಗೆ ಹತ್ತು ನಿಮಿಷ, ತಿಂಗಳಿಗೊಮ್ಮೆ ಮತ್ತೆ ಇದನ್ನೇ ಕೇಳಬೇಕು. ಕೆಲಸ ಬದಲಾದರೆ, ಹೊಸ ಯಂತ್ರ ಬಂದರೆ, ದೀರ್ಘ ರಜೆಯಿಂದ ಮರಳಿದರೆ ಪಾಠ ಪುನಃ ಮೊದಲಿನಿಂದ. ಒಂದು ಮಾತು ಮರೆಯಬಾರದು. ಪಾಠವೆಂಬುದು ಗಾರ್ಡಿಗೆ ಬದಲಿಯಲ್ಲ. ಗಾರ್ಡಿಲ್ಲದ ಯಂತ್ರದ ಮುಂದೆ ನಿಲ್ಲಿಸಿ ''ಹುಷಾರು'' ಎನ್ನುವುದು, ಕಟ್ಟೆಯಿಲ್ಲದ ಬಾವಿಯ ಬಳಿ ಮಗುವನ್ನು ಬಿಟ್ಟು ಬುದ್ಧಿ ಹೇಳಿದಂತೆ.

ಮೈಗೂ ಬೇಕು ಪರಿಚಯ

ಕೆಲಸದ ಪರಿಚಯ ತಲೆಗೆ ಮಾತ್ರವಲ್ಲ, ಮೈಗೂ ಆಗಬೇಕು. ಬೇಸಿಗೆಯ ಬಿಸಿಲಲ್ಲಿ ರಸ್ತೆ ಕೆಲಸ, ಫೌಂಡ್ರಿ, ಬಾಯ್ಲರ್, ಬೇಕರಿ ಒಲೆಯ ಮುಂದಿನ ಕೆಲಸ ಇದಕ್ಕೆ ಉದಾಹರಣೆ. ಕೆಲಸದ ವೇಳೆ ಶಾಖದಿಂದ ಸಾಯುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮೊದಲ ದಿನವೇ, ನೂರರಲ್ಲಿ 70ಕ್ಕೂ ಹೆಚ್ಚು ಮಂದಿ ಮೊದಲ ವಾರದಲ್ಲೇ ಸಾಯುತ್ತಾರೆ ಎಂದು ಅಮೆರಿಕ ಸರ್ಕಾರದ ಔದ್ಯೋಗಿಕ ಸುರಕ್ಷತಾ ಇಲಾಖೆ ಹೇಳುತ್ತದೆ.

ಶಾಖಕ್ಕೆ ಒಗ್ಗಲು ದೇಹಕ್ಕೆ ಒಂದರಿಂದ ಎರಡು ವಾರ ಬೇಕು. ಒಗ್ಗಿದ ದೇಹ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ, ಹೃದಯಕ್ಕೆ ಶ್ರಮ ಕಡಿಮೆ. ಒಗ್ಗದ ದೇಹಕ್ಕೆ ಈ ಯಾವ ರಕ್ಷಣೆಯೂ ಇಲ್ಲ. ಆದ್ದರಿಂದ ಹೊಸಬನಿಗೆ ಮೊದಲ ದಿನ ಬಿಸಿಯಲ್ಲಿ ಪೂರ್ಣ ಹೊತ್ತಿನ ಐದನೆಯ ಒಂದು ಭಾಗ ಮಾತ್ರ ಕೆಲಸ ಕೊಟ್ಟು, ದಿನಕ್ಕೆ ಅಷ್ಟಷ್ಟೇ ಏರಿಸುತ್ತ ಹೋಗಬೇಕು. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ನಡುನಡುವೆ ನೆರಳು ಕಡ್ಡಾಯ. ಮಾತು ತೊದಲಿದರೆ, ತೂರಾಡಿದರೆ, ಗೊಂದಲಗೊಂಡರೆ ಅದು ಶಾಖಾಘಾತ. ತಕ್ಷಣ ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಿ.

ಕೆಲಸಕ್ಕೆ ಸೇರುವಾಗ ವೈದ್ಯರಿಂದ ಏನನ್ನೂ ಮುಚ್ಚಿಡಬೇಡಿ. ಮೂರ್ಛೆರೋಗವಿರುವವರು ಎತ್ತರದಲ್ಲಿ, ತೆರೆದ ಯಂತ್ರದ ಬಳಿ ಕೆಲಸ ಮಾಡಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು ಹೊತ್ತಿಗೆ ಸರಿಯಾಗಿ ಊಟ ಸಿಗುವ ಪಾಳಿಯನ್ನು ಕೇಳಿ ಪಡೆಯಬೇಕು. ನೆಗಡಿಗೆ ತೆಗೆದುಕೊಳ್ಳುವ ಹಲವು ಮಾತ್ರೆಗಳು ಮಂಪರು ತರುತ್ತವೆ ಎಂಬುದೂ ನೆನಪಿರಲಿ.

ಗುತ್ತಿಗೆಯವರ ಪಾಠ ಯಾರ ಹೊಣೆ?

ಕಾರ್ಖಾನೆಯ ಸ್ವಂತ ಕಾರ್ಮಿಕನಿಗೆ ಪಾಠ ಹೇಳುವವರಿದ್ದಾರೆ. ಗುತ್ತಿಗೆಯವನಿಗೆ? ''ಅದು ಗುತ್ತಿಗೆದಾರರ ಹೊಣೆ'' ಎಂದು ಕಾರ್ಖಾನೆ, ''ಜಾಗ ಅವರದು, ಅವರೇ ಹೇಳಬೇಕು'' ಎಂದು ಗುತ್ತಿಗೆದಾರರು. ಇಬ್ಬರು ಅಡುಗೆಯವರ ನಡುವೆ ಉಪ್ಪಿಲ್ಲದ ಸಾರಿನಂತೆ, ಹೇಳಬೇಕಾದ ಮಾತು ನಡುವೆಯೇ ಉಳಿಯುತ್ತದೆ. ಬಣ್ಣ ಬಳಿಯಲು, ವೆಲ್ಡಿಂಗಿಗೆ, ಛಾವಣಿ ದುರಸ್ತಿಗೆ ಬಂದವನು ತನ್ನ ಕಸುಬಿನಲ್ಲಿ ಪಳಗಿದವನೇ ಇರಬಹುದು. ಆದರೆ ಯಾವ ಪೈಪಿನಲ್ಲಿ ಅನಿಲವಿದೆ, ಯಾವ ಸಿಮೆಂಟ್ ಶೀಟು ಕಾಲಿಟ್ಟರೆ ಮುರಿಯುತ್ತದೆ ಎಂಬುದು ಆ ಜಾಗದವರಿಗೆ ಮಾತ್ರ ಗೊತ್ತು. ಆದ್ದರಿಂದ ಕಸುಬಿನ ಪಾಠ ಗುತ್ತಿಗೆದಾರರದು, ಜಾಗದ ಪಾಠ ಮಾಲೀಕರದು. ಕೆಲಸ ಶುರುವಾಗುವ ಮೊದಲು ಇಬ್ಬರೂ ಒಟ್ಟಿಗೆ ಜಾಗ ಸುತ್ತಿ ನೋಡಬೇಕು. ಬೆಂಕಿ, ಎತ್ತರ, ವಿದ್ಯುತ್, ಮುಚ್ಚಿದ ಟ್ಯಾಂಕ್, ಈ ನಾಲ್ಕರ ಕೆಲಸಕ್ಕೆ ಲಿಖಿತ ಅನುಮತಿ ಇಲ್ಲದೆ ಯಾರನ್ನೂ ಬಿಡಬಾರದು. ಇಂದು ಬಂದವನು ನಾಳೆ ಬಾರದೆ ಬೇರೊಬ್ಬ ಬಂದರೆ, ಅವನಿಗೂ ಪಾಠ ಆಗಲೇಬೇಕು.

ನೀವೂ ಒಂದು ದಿನದ ಮಾಲೀಕರೇ

''ನಮಗೆ ಕಾರ್ಖಾನೆ ಇಲ್ಲವಲ್ಲ'' ಎನ್ನುವ ಓದುಗರು ಸ್ವಲ್ಪ ಯೋಚಿಸಿ. ಮನೆಗೆ ಸುಣ್ಣಬಣ್ಣ ಮಾಡಿಸುತ್ತೀರಿ, ಸಂಪು ತೊಳೆಸುತ್ತೀರಿ, ಮೇಲಿನ ಅಂತಸ್ತು ಕಟ್ಟಿಸುತ್ತೀರಿ. ಆ ದಿನ ಬಂದ ಕೆಲಸಗಾರನಿಗೆ ನಿಮ್ಮ ಮನೆ ಹೊಸ ಜಾಗ, ನೀವೇ ಮಾಲೀಕರು.

ಮೊದಲನೆಯ ಅಪಾಯ ವಿದ್ಯುತ್ ತಂತಿ. ತಾರಸಿಯ ಪಕ್ಕದಲ್ಲೇ ತಂತಿ ಹಾದುಹೋಗಿದ್ದರೆ, ಕಬ್ಬಿಣದ ಸರಳು ಅಥವಾ ಅಲ್ಯುಮಿನಿಯಂ ಏಣಿ ಎತ್ತುವಾಗ ತಾಗುತ್ತದೆ. ಕೆಲಸ ಆರಂಭಿಸುವ ಮೊದಲೇ ಗಾರೆಯವರಿಗೆ ತೋರಿಸಿ, ವಿದ್ಯುತ್ ಕಚೇರಿಗೆ ತಿಳಿಸಿ.

ಎರಡನೆಯದು ಮುಚ್ಚಿದ ಗುಂಡಿ. ಕೊಳೆಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಇರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅನಿಲ ಹೆಚ್ಚಾದಾಗ ಮೂಗಿನ ಶಕ್ತಿಯೇ ಕುಂದಿ, ವಾಸನೆ ಹೋಯಿತೆಂದು ಭ್ರಮೆಯಾಗುತ್ತದೆ! ಹೊಸದಾಗಿ ಕಟ್ಟಿ ಮುಚ್ಚಿದ ಸಂಪಿನಲ್ಲೂ ಅಪಾಯವಿದೆ. ಒಳಗಿನ ಸೆಂಟ್ರಿಂಗ್ ಹಲಗೆಗಳು ತೇವದಲ್ಲಿ ಕೊಳೆಯುತ್ತ ಆಮ್ಲಜನಕವನ್ನು ಹೀರಿರುತ್ತವೆ. ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟಿರಬೇಕು. ಅದು ತೀರ ಇಳಿದ ಕಡೆ ಒಂದೆರಡು ಉಸಿರಿಗೇ ಮನುಷ್ಯ ಕುಸಿಯುತ್ತಾನೆ. ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯನ್ನು ನಂಬಬೇಡಿ. ಅದು ವಿಷಾನಿಲವನ್ನು ತಿಳಿಸದು, ಉರಿಯುವ ಅನಿಲವಿದ್ದರೆ ಸ್ಫೋಟವಾದೀತು.

ಇಂಥ ಕಡೆ ಒಬ್ಬನ ಹಿಂದೆ ಒಬ್ಬರು ಇಳಿದು ಸಾಯುವುದೇ ದೊಡ್ಡ ದುರಂತ. ಮುಚ್ಚಿದ ಜಾಗಗಳಲ್ಲಿ ಸತ್ತವರ ಪೈಕಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಇನ್ನೊಬ್ಬರನ್ನು ರಕ್ಷಿಸಲು ಹೋದವರೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಮಲಗುಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಹೀರುವ ಯಂತ್ರದ ಗಾಡಿಯನ್ನೇ ಕರೆಸಿ. ಒಳಗೆ ಯಾರಾದರೂ ಬಿದ್ದರೆ ನೀವು ಇಳಿಯಬೇಡಿ. ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.

ಪೆಟ್ಟಾದಾಗ ತಕ್ಷಣ ಏನು ಮಾಡಬೇಕು?

ಬೆರಳು ತುಂಡಾದರೆ ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿಹಿಡಿದು ಕೈ ಎತ್ತಿ ಹಿಡಿಯಿರಿ. ತುಂಡಾದ ಭಾಗವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿಡಿ. ಮಂಜುಗಡ್ಡೆಗೆ ನೇರವಾಗಿ ತಾಗಿಸಬಾರದು. ಎಷ್ಟು ಬೇಗ ತಲುಪಿದರೆ ಜೋಡಿಸುವ ಸಾಧ್ಯತೆ ಅಷ್ಟು ಹೆಚ್ಚು.

ಕಣ್ಣಿಗೆ ಆಸಿಡ್, ಸುಣ್ಣ, ಕಾಸ್ಟಿಕ್ ಸೋಡಾ ಸಿಡಿದರೆ ಆಸ್ಪತ್ರೆಗೆ ಓಡುವುದಕ್ಕಿಂತ ಮೊದಲು ನಲ್ಲಿಯ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೆಯಿರಿ. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಶಾಯಿ, ಹಿಟ್ಟು, ಟೂತ್‌ಪೇಸ್ಟ್ ಬೇಡವೇ ಬೇಡ. ಕರೆಂಟ್ ಹೊಡೆದವನನ್ನು ಮುಟ್ಟುವ ಮೊದಲು ಮೇನ್ ಆಫ್ ಮಾಡಿ. ಯಾವ ಗಾಯವಾದರೂ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.

ಮನೆಯವರು ಕೇಳಬೇಕಾದ ಪ್ರಶ್ನೆ

1984ರ ಭೋಪಾಲ್ ದುರಂತದ ಬಳಿಕ, ಅಪಾಯಕಾರಿ ಕಾರ್ಖಾನೆಗಳ ಕಾರ್ಮಿಕರಿಗೆ ಅಪಾಯಗಳ ಮಾಹಿತಿ ಪಡೆಯುವ ಹಕ್ಕನ್ನು 1987ರ ತಿದ್ದುಪಡಿ ಕೊಟ್ಟಿತು. 2020ರಲ್ಲಿ ಸಂಸತ್ತು ಒಪ್ಪಿ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯೂ ಆರೋಗ್ಯ, ಸುರಕ್ಷತೆಯ ಮಾಹಿತಿಯನ್ನು ಮಾಲೀಕರಿಂದ ಕೇಳುವ ಹಕ್ಕನ್ನು ಕೆಲಸಗಾರನಿಗೆ ಕೊಟ್ಟಿದೆ. ನೇಮಕಾತಿ ಪತ್ರ ಕೊಡುವುದೂ ಮಾಲೀಕರ ಕರ್ತವ್ಯ. ಇ.ಎಸ್.ಐ. ವ್ಯಾಪ್ತಿಗೆ ಬರುವವನಿಗೆ ಕೆಲಸದಲ್ಲಿ ಪೆಟ್ಟಾದರೆ, ಸೇರಿದ ಮೊದಲ ದಿನವೇ ಆಗಿದ್ದರೂ ಸೌಲಭ್ಯ ಉಂಟು. ಚೇತರಿಸಿಕೊಳ್ಳುವವರೆಗೆ ಕೂಲಿಯ ಶೇ. 90ರಷ್ಟು ಸಿಗುತ್ತದೆ. ಆದ್ದರಿಂದ ಹೆಸರು ನೋಂದಾಯಿಸಿದ್ದಾರೆಯೇ ಎಂದು ಮೊದಲ ದಿನವೇ ವಿಚಾರಿಸಿ.

ಮಗ ಅಥವಾ ಮಗಳು ಹೊಸ ಕೆಲಸದಿಂದ ಮೊದಲ ದಿನ ಮನೆಗೆ ಬಂದಾಗ ನಾವೆಲ್ಲ ಕೇಳುವುದು ''ಸಂಬಳ ಯಾವಾಗ? ಊಟ ಹೇಗಿತ್ತು?'' ಎಂದು. ಜೊತೆಗೆ ಇನ್ನೊಂದು ಕೇಳಿ: ''ಅಲ್ಲಿ ಏನೇನು ಅಪಾಯ ಅಂತ ತೋರಿಸಿದರು?'' ಉತ್ತರ ತಡವರಿಸಿದರೆ ನಾಳೆಯೇ ಕೇಳಿ ತಿಳಿದುಕೊಂಡು ಬರಲು ಹೇಳಿ. ಕೇಳುವುದು ಅವಮಾನವಲ್ಲ, ಹಕ್ಕು.

ಯಾದಗಿರಿಯ ಆ ಹುಡುಗ ಈಗ ಬೇರೊಂದು ಕಾರ್ಖಾನೆಯಲ್ಲಿದ್ದಾನೆ. ಜ್ವರಕ್ಕೋ ಕೆಮ್ಮಿಗೋ ಆಗಾಗ ಬರುತ್ತಾನೆ. ಹೋದ ಸಲ ಬಂದಾಗ ಹೇಳಿದ, ಹೊಸ ಹುಡುಗರು ಸೇರಿದ ದಿನ ಅವರನ್ನು ಪ್ರೆಸ್ಸಿನ ಬಳಿ ಕರೆದುಕೊಂಡು ಹೋಗಿ ಪಾಠ ಹೇಳುವ ಕೆಲಸ ಈಗ ಅವನದೇ ಅಂತೆ. ''ಮೊದಲ ನನ್ನ ಕೈ ತೋರಸ್ತೀನ್ರೀ ಸರ, ಆಮ್ಯಾಲ ಮೆಷಿನ್ ತೋರಸ್ತೀನಿ. ಎಲ್ಲಾರೂ ಲಕ್ಷ್ಯ ಕೊಟ್ಟು ಕೇಳ್ತಾರ'' ಎಂದ. ಕೇಳದೆ ಏನು? ಆದರೆ ಪಾಠ ಹೇಳಲು ಪ್ರತಿ ಕಾರ್ಖಾನೆಗೂ ಇಂಥದೊಂದು ಕೈ ಬೇಕಾಗಬಾರದು.